ಮಂಡಿಯ ಲೆಕ್ಕ, ಮಕ್ಕಳ ಆಟ: ಮ್ಯಾಕೋ, ವಿಂಡೋಸೋ?

ಪಿಯುಸಿ ಫಲಿತಾಂಶ ಬಂದು ಸಿಇಟಿ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಎಷ್ಟೋ ಮನೆಗಳಲ್ಲಿ ಒಂದೇ ಚರ್ಚೆ: ಮಗಳಿಗೆ ಯಾವ ಲ್ಯಾಪ್‌ಟಾಪ್ ಕೊಡಿಸೋಣ? ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಚಿಕ್ಕಪ್ಪನ ಮಗ ‘ಮ್ಯಾಕೇ ತಗೊಳ್ಳಿ, ವರ್ಷಗಟ್ಟಲೆ ಅಲ್ಲಾಡಲ್ಲ’ ಎನ್ನುತ್ತಾನೆ. ಬಿ.ಎಚ್. ರಸ್ತೆಯ ಅಂಗಡಿಯವರು ‘ಅಷ್ಟು ದುಡ್ಡಿಗೆ ಎರಡು ವಿಂಡೋಸ್ ಬರುತ್ತೆ ಸಾರ್’ ಎನ್ನುತ್ತಾರೆ. ಹೈಸ್ಕೂಲಿನಲ್ಲಿರುವ ಕಿರಿಯ ಮಗನದು ಇನ್ನೊಂದೇ ಹಟ, ಅವನಿಗೆ ಗ್ರಾಫಿಕ್ಸ್ ಕಾರ್ಡ್ ಇರುವುದೇ ಆಗಬೇಕು. ದುಡ್ಡು ಎಣಿಸಬೇಕಾದ ಅಪ್ಪನಿಗೆ ಮೂವರ ಮಾತೂ ಅರ್ಧಂಬರ್ಧ ಅರ್ಥವಾಗುತ್ತದೆ.

ಅಪ್ಪನ ಕೊಬ್ಬರಿ ಲೆಕ್ಕದಿಂದಲೇ ಶುರು ಮಾಡೋಣ. 2025ರ ಮಾರ್ಚ್‌ನಲ್ಲಿ ಆ್ಯಪಲ್ ಕಂಪನಿ ಎಂ4 ಚಿಪ್‌ನ ಮ್ಯಾಕ್‌ಬುಕ್ ಏರ್ ತಂದಾಗ ನಮ್ಮ ದೇಶದಲ್ಲಿ ಅದರ ಆರಂಭಿಕ ಬೆಲೆ 99,900 ರೂಪಾಯಿ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಅಂದರೆ ಒಂದು ಮ್ಯಾಕ್‌ಬುಕ್‌ಗೆ ಎಂಟೂಕಾಲು ಕ್ವಿಂಟಲ್ ಕೊಬ್ಬರಿ. 2025ರಲ್ಲೇ ಮಾರುಕಟ್ಟೆ ದರ ಇಪ್ಪತ್ತು ಸಾವಿರ ದಾಟಿದಾಗ ಐದು ಕ್ವಿಂಟಲ್‌ಗೂ ಕಡಿಮೆ ಸಾಕಾಯಿತು. 2023ರಲ್ಲಿ ದರ ಒಂಬತ್ತು ಸಾವಿರಕ್ಕಿಂತ ಕೆಳಗೆ ಕುಸಿದಿದ್ದಾಗ ಹನ್ನೊಂದು ಕ್ವಿಂಟಲ್ ಕೊಟ್ಟರೂ ಸಾಲುತ್ತಿರಲಿಲ್ಲ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತು ಕೊಬ್ಬರಿಯಾಗಬೇಕು. ವರ್ಷಕ್ಕೊಮ್ಮೆ ಕೈಗೆ ಬರುವ ಅಂಥ ದುಡ್ಡಿನಲ್ಲಿ ಕೊಳ್ಳುವ ಯಂತ್ರವನ್ನು ನಾಲ್ಕೈದು ವರ್ಷ ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಯಾವುದು ಚೆನ್ನಾಗಿದೆ ಎಂದು ಕೇಳುವ ಮೊದಲು ಅದಕ್ಕೆ ಏನನ್ನೆಲ್ಲ ಜೋಡಿಸಬೇಕು ಎಂದು ಕೇಳಿಕೊಳ್ಳಬೇಕು. ನಮ್ಮ ಸೀಮೆಯಲ್ಲಿ ತೀರ್ಮಾನ ಆಗುವುದು ಅಲ್ಲಿಯೇ.

ಕೊಬ್ಬರಿ ಮಂಡಿಯ ಒಂದು ಮೇಜು ನೋಡಿ. ಒಂದು ಕಂಪ್ಯೂಟರ್, ಅದರಲ್ಲಿ ಲೆಕ್ಕ ಬರೆಯುವ ಟ್ಯಾಲಿ. ಪಕ್ಕದಲ್ಲಿ ಕರಕರ ಸದ್ದು ಮಾಡುತ್ತ ಮೂರು ಪ್ರತಿ ಬಿಲ್ಲನ್ನು ಒಟ್ಟಿಗೆ ಒತ್ತುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಲೆಕ್ಕಪತ್ರದ ಡಿಜಿಟಲ್ ಸಹಿಗೆ ಯುಎಸ್‌ಬಿ ಟೋಕನ್. ಕನ್ನಡದಲ್ಲಿ ಪತ್ರ ಬರೆಯಲು ನುಡಿ ತಂತ್ರಾಂಶ. ಇದೇ ಮೇಜು ಸೊಸೈಟಿಯದೋ ಗ್ರಾಮ ಒನ್ ಕೇಂದ್ರದ್ದೋ ಆದರೆ ಬೆರಳಚ್ಚು ಓದುವ ಸಾಧನವೂ ಇರುತ್ತದೆ. 2024ರ ಮಾರ್ಚ್‌ನಲ್ಲಿ ನಾಫೆಡ್‌ನ ಬೆಂಬಲ ಬೆಲೆ ಖರೀದಿಗೆ ಮರುನೋಂದಣಿ ನಡೆದಾಗ ರೈತರು ಸಾಲುಗಟ್ಟಿ ನಿಂತು ಬೆರಳು ಒತ್ತಿದ್ದು ಇಂಥ ಸಾಧನದ ಮೇಲೆಯೇ.

ಈಗ ಈ ಮೇಜಿನ ಮೇಲಿನ ಕಂಪ್ಯೂಟರನ್ನು ಎತ್ತಿ ಒಂದು ಮ್ಯಾಕ್ ಇಟ್ಟುಬಿಟ್ಟರೆ ಏನಾಗುತ್ತದೆ?

ಮೊದಲು ನಿಲ್ಲುವುದು ಟ್ಯಾಲಿ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ, ಬೆಂಗಳೂರಿನಲ್ಲೇ ನೆಲೆಯಿರುವ ಕಂಪನಿಯ ತಂತ್ರಾಂಶ ಅದು. ಇವತ್ತಿನ ಟ್ಯಾಲಿಪ್ರೈಮ್ ಕೂಡ ವಿಂಡೋಸ್‌ಗೆಂದೇ ಬರೆದದ್ದು, ಮ್ಯಾಕ್‌ನಲ್ಲಿ ನೇರವಾಗಿ ಕೂರುವುದಿಲ್ಲ. ಪ್ರಿಂಟರಿನ ಕಥೆಯೂ ಹೆಚ್ಚುಕಡಿಮೆ ಅದೇ. ಟಿವಿಎಸ್‌ನಂಥ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳಿಗೆ ಮ್ಯಾಕ್‌ಗೆ ತಕ್ಕ ಡ್ರೈವರ್ ಹುಡುಕುವುದೇ ಒಂದು ದಿನದ ಕೆಲಸ. ಬೆರಳಚ್ಚಿನ ಸಾಧನ ಮಾಡುವವರು ಡ್ರೈವರ್ ಬರೆಯುವುದು ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ.

ಡ್ರೈವರ್ ಎಂದೆ, ಮುಂದಿನದೆಲ್ಲ ಅದರ ಮೇಲೆ ನಿಂತಿರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ರೈತನಿಗೆ ದೆಹಲಿ ವ್ಯಾಪಾರಿಯ ಮಾತು ಬಾರದು, ಆ ವ್ಯಾಪಾರಿಗೆ ಇವನ ಕೊಬ್ಬರಿಯ ಹದ ತಿಳಿಯದು. ನಡುವೆ ಇಬ್ಬರನ್ನೂ ಬಲ್ಲ ದಲಾಲರು ಬೇಕು. ಕಂಪ್ಯೂಟರಿಗೂ ಅದಕ್ಕೆ ಸಿಕ್ಕಿಸಿದ ಸಾಧನಕ್ಕೂ ನಡುವೆ ಡ್ರೈವರ್ ಮಾಡುವ ಕೆಲಸ ಇಂಥದ್ದು. ಅದು ಸಾಮಾನ್ಯ ತಂತ್ರಾಂಶಗಳ ಹಾಗೆ ಮೇಲೆ ಕೂರುವುದಿಲ್ಲ. ಬಹುಪಾಲು ಡ್ರೈವರುಗಳು ಆಪರೇಟಿಂಗ್ ಸಿಸ್ಟಂನ ಕರ್ನಲ್ ಎಂಬ ಒಳಭಾಗದಲ್ಲಿ, ಯಂತ್ರದ ಎಲ್ಲ ಅಧಿಕಾರ ಇರುವ ಜಾಗದಲ್ಲಿ ನೆಲೆ ಊರುತ್ತವೆ. ವಿಂಡೋಸ್‌ನ ಒಳಭಾಗಕ್ಕೆಂದು ಬರೆದದ್ದು ಮ್ಯಾಕ್‌ನ ಒಳಭಾಗದಲ್ಲಿ ಒಂದು ಸಾಲೂ ಓಡುವುದಿಲ್ಲ.

‘ಮ್ಯಾಕ್ ಒಳಗೇ ವಿಂಡೋಸ್ ಹಾಕಿಕೊಳ್ಳಬಹುದಲ್ಲ’ ಎಂದು ಕೇಳುವವರಿದ್ದಾರೆ. ಹಾಕಿಕೊಳ್ಳಬಹುದು. ಪ್ಯಾರಲಲ್ಸ್ ಎಂಬ ತಂತ್ರಾಂಶದ ಮೂಲಕ ಹೊಸ ಮ್ಯಾಕ್‌ಗಳಲ್ಲಿ ವಿಂಡೋಸ್ 11 ನಡೆಸಲು 2023ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಕೂಡ ಒಪ್ಪಿಗೆ ಕೊಟ್ಟಿತು. ಆದರೆ ಅದು ಇಂಟೆಲ್‌ಗಿಂತ ಬೇರೆ ಬಗೆಯ, ಆರ್ಮ್ ಎಂಬ ಚಿಪ್‌ಗಾಗಿ ಮಾಡಿದ ವಿಂಡೋಸ್. 2020ರ ನವೆಂಬರ್‌ನಲ್ಲಿ ಎಂ1 ಬಂದ ಮೇಲೆ ಆ್ಯಪಲ್ ಹಂತಹಂತವಾಗಿ ಇಂಟೆಲ್ ಪ್ರೊಸೆಸರ್ ಬಿಟ್ಟು ಆರ್ಮ್ ಬಗೆಯ ತನ್ನದೇ ಚಿಪ್‌ಗಳಿಗೆ ಹೋಯಿತು. ಮ್ಯಾಕ್‌ನಲ್ಲೇ ನೇರವಾಗಿ ವಿಂಡೋಸ್ ಹಾಕಿಸಿಕೊಳ್ಳಲು ಇದ್ದ ಬೂಟ್ ಕ್ಯಾಂಪ್ ದಾರಿ ಅಲ್ಲಿಗೆ ಮುಚ್ಚಿತು. ಆರ್ಮ್ ವಿಂಡೋಸ್ ಒಳಗೆ ಇಂಟೆಲ್‌ಗೆ ಬರೆದ ಸಾಮಾನ್ಯ ತಂತ್ರಾಂಶಗಳು ಅನುಕರಣೆಯ ಮೂಲಕ ಓಡುತ್ತವೆ, ಡ್ರೈವರುಗಳಿಗೆ ಮಾತ್ರ ಆ ಸೌಲಭ್ಯ ಇಲ್ಲ. ಹಾಗಾಗಿ ಟ್ಯಾಲಿ ತೆರೆದುಕೊಂಡೀತು, ಬೆರಳಚ್ಚಿನ ಸಾಧನ ಕಣ್ಣು ಬಿಡದೇ ಹೋದೀತು. ಪ್ಯಾರಲಲ್ಸ್‌ಗೆ ಪ್ರತಿವರ್ಷ ಚಂದಾ, ವಿಂಡೋಸ್‌ಗೆ ಬೇರೆ ಲೈಸೆನ್ಸ್. ಕ್ಲೌಡ್ ಮೇಲೆ ಟ್ಯಾಲಿ ಇಟ್ಟುಕೊಂಡು ಮ್ಯಾಕ್‌ನಿಂದ ನೋಡುವ ದಾರಿಯೂ ಇದೆ. ಆದರೆ ಹರಾಜಿನ ದಿನ ಸಂಜೆ ಇಂಟರ್‌ನೆಟ್ ಕೈಕೊಟ್ಟರೆ ಬಿಲ್ಲಿಗಾಗಿ ಕಾದ ರೈತನಿಗೆ ಗುಮಾಸ್ತ ಏನು ಹೇಳಬೇಕು?

ಇದೇ ಮಂಡಿಯ ಇನ್ನೊಂದು ಕೆಲಸ ನೋಡಿದರೆ ಚಿತ್ರ ಬೇರೆ. ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸಮೂಹ ಸೇರಿ ಕಟ್ಟಿದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆ 2014ರಿಂದ ನಡೆಸುತ್ತಿರುವ ಏಕೀಕೃತ ಮಾರುಕಟ್ಟೆ ವೇದಿಕೆಯಲ್ಲಿ ದರ ನಮೂದಿಸಲು ವರ್ತಕರಿಗೆ ಬೇಕಾದದ್ದು ಒಂದು ಬ್ರೌಸರ್. ಅಲ್ಲಿ ಮ್ಯಾಕ್, ವಿಂಡೋಸ್, ಫೋನು ಎಂಬ ಭೇದ ಕಡಿಮೆ. ಪಹಣಿ ತೆಗೆಯುವುದು, ಜಿಎಸ್‌ಟಿ ರಿಟರ್ನ್ ತುಂಬುವುದು, ಬ್ಯಾಂಕಿನ ವ್ಯವಹಾರ ಹೀಗೆ ಬ್ರೌಸರಿಗೆ ಬಂದ ಕೆಲಸಗಳಿಗೆಲ್ಲ ಯಾವ ಯಂತ್ರವಾದರೂ ನಡೆಯುತ್ತದೆ. ಕಷ್ಟ ಇರುವುದು ತಂತಿ ಹಾಕಿ ಸಿಕ್ಕಿಸುವ ಸಾಧನಗಳಲ್ಲಿ. ಅಂಥ ಸಾಧನ ಒಂದಾದರೂ ದಿನನಿತ್ಯ ಬೇಕು ಎನ್ನುವ ಮಂಡಿ, ಸೊಸೈಟಿ, ಆಡಿಟರ್ ಕಚೇರಿ, ಗ್ರಾಮ ಒನ್ ಇವರೆಲ್ಲ ಬೇರೆ ಯೋಚನೆ ಮಾಡದೆ ವಿಂಡೋಸ್ ಕೊಳ್ಳಲಿ. ಅದರಲ್ಲೂ ಡೆಸ್ಕ್‌ಟಾಪ್. ಕೀಬೋರ್ಡಿಗೆ ಚಹಾ ಚೆಲ್ಲಿದರೆ ಹೋಗುವುದು ಕೀಬೋರ್ಡ್ ಮಾತ್ರ.

ಇನ್ನು ಹುಡುಗನ ಆಟ. ಅವನ ಹಟಕ್ಕೂ ಮಂಡಿಯ ಬೆರಳಚ್ಚಿಗೂ ಏನು ಸಂಬಂಧ ಅನ್ನಿಸಬಹುದು. ತಾಂತ್ರಿಕವಾಗಿ ಎರಡರದ್ದೂ ಒಂದೇ ಕಥೆ.

ನಮ್ಮ ಹುಡುಗರು ಹೆಚ್ಚಾಗಿ ಆಡುವುದು ಫೋನಿನಲ್ಲಿ. ಬಿಜಿಎಂಐ ಅಥವಾ ಫ್ರೀ ಫೈರ್ ಮ್ಯಾಕ್ಸ್‌ಗೆ ಕಂಪ್ಯೂಟರ್ ಬೇಕಿಲ್ಲ. ಕಂಪ್ಯೂಟರ್ ಬೇಕೆನ್ನುವವರ ಪಟ್ಟಿಯಲ್ಲಿ ಮೇಲಿರುವ ಹೆಸರುಗಳಲ್ಲಿ ಒಂದು ವ್ಯಾಲರಂಟ್. ದುಡ್ಡು ಕೊಡಬೇಕಿಲ್ಲ, ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ, ಆದರೆ ಮ್ಯಾಕ್‌ನಲ್ಲಿ ಇಲ್ಲ. ಮೋಸದಾಟ ಹಿಡಿಯಲು ರಯಟ್ ಕಂಪನಿ ಅದಕ್ಕೆ ವ್ಯಾನ್‌ಗಾರ್ಡ್ ಎಂಬ ಕಾವಲು ತಂತ್ರಾಂಶ ಜೋಡಿಸಿದೆ. ಆ ಕಾವಲುಗಾರ ಕೂರುವುದು ವಿಂಡೋಸ್‌ನ ಕರ್ನಲ್ ಒಳಗೆ, ಕಂಪ್ಯೂಟರ್ ಹೊತ್ತಿಕೊಂಡ ಕ್ಷಣದಿಂದಲೇ. ಪ್ಯಾರಲಲ್ಸ್ ಒಳಗಿನ ವಿಂಡೋಸ್‌ನಲ್ಲಿ ಬೆರಳಚ್ಚಿನ ಡ್ರೈವರಿಗೆ ಬಂದ ಗತಿಯೇ ಅದಕ್ಕೂ ಬರುತ್ತದೆ. ಸ್ಪರ್ಧೆಗಿಳಿದು ಆಡುವ ಬಹಳಷ್ಟು ಆನ್‌ಲೈನ್ ಆಟಗಳಿಗೆ ಇಂಥ ಕಾವಲು ಇರುವುದರಿಂದ ಮ್ಯಾಕ್‌ನ ಚಿಪ್ ಎಷ್ಟೇ ಬಲವಾಗಿರಲಿ, ಬಾಗಿಲಲ್ಲೇ ತಡೆ.

ಇದು ಒಂದು ಕಾರಣ. ಇದಕ್ಕಿಂತ ಹಳೆಯದು ಇನ್ನೊಂದಿದೆ. ಆಟವು ಗ್ರಾಫಿಕ್ಸ್ ಚಿಪ್‌ಗೆ ‘ಈ ಗೋಡೆ ಬಿಡಿಸು, ಈ ನೆರಳು ಹಾಕು’ ಎಂದು ಹೇಳಲು ಒಂದು ಗೊತ್ತಾದ ಭಾಷೆ ಬೇಕು. ಮೈಕ್ರೋಸಾಫ್ಟ್ 1995ರಲ್ಲೇ ಡೈರೆಕ್ಟ್‌ಎಕ್ಸ್ ತಂದು ಆಟ ಬರೆಯುವವರನ್ನು ತನ್ನತ್ತ ಎಳೆದುಕೊಂಡಿತು. ಆ್ಯಪಲ್ ತನ್ನ ಮೆಟಲ್ ತಂದದ್ದು 2014ರಲ್ಲಿ, ಅದೂ ಮೊದಲು ಐಫೋನಿಗೆ. ಆ ಹೊತ್ತಿಗೆ ಎರಡು ದಶಕದ ಆಟಗಳು ವಿಂಡೋಸ್‌ಗೆಂದೇ ಬರೆದು ಮುಗಿದಿದ್ದವು. ಮ್ಯಾಕ್‌ನಲ್ಲಿ ಇದ್ದಷ್ಟು ಆಟಗಳಿಗೂ 2019ರಲ್ಲಿ ಪೆಟ್ಟು ಬಿತ್ತು. ಆ ವರ್ಷದ ಕ್ಯಾಟಲೀನಾ ಆವೃತ್ತಿಯಲ್ಲಿ ಆ್ಯಪಲ್ 32 ಬಿಟ್‌ನ ತಂತ್ರಾಂಶಗಳನ್ನು ಪೂರ್ತಿ ಕೈಬಿಟ್ಟಿತು. ನಮ್ಮ ಕಡೆಯ ಸೈಬರ್ ಸೆಂಟರುಗಳಲ್ಲಿ ಒಂದು ತಲೆಮಾರೇ ಆಡಿ ಬೆಳೆದ ಜಿಟಿಎ ವೈಸ್ ಸಿಟಿಗೆ ಮ್ಯಾಕ್ ಆವೃತ್ತಿಯೂ ಇತ್ತು, ಅದೂ ಅಲ್ಲಿಗೆ ನಿಂತಿತು. ವಿಂಡೋಸ್‌ನಲ್ಲಿ ಅದೇ ಆಟ ಇಪ್ಪತ್ತು ವರ್ಷದ ಮೇಲೂ ತೆರೆದುಕೊಳ್ಳುತ್ತದೆ. 2023ರಲ್ಲಿ ಕೌಂಟರ್ ಸ್ಟ್ರೈಕ್ 2 ಬಂದಾಗ ವಾಲ್ವ್ ಕಂಪನಿ ಮ್ಯಾಕ್ ಅನ್ನು ಬಿಟ್ಟೇ ಮುಂದೆ ಹೋಯಿತು. ಆಡುವವರೇ ಕಡಿಮೆ ಇದ್ದಾರೆ ಎಂಬುದು ಅದು ಕೊಟ್ಟ ಕಾರಣ. ಜಿಟಿಎ 5 ಮ್ಯಾಕ್‌ಗೆ ಬರಲೇ ಇಲ್ಲ.

ಮ್ಯಾಕ್ ಪರವಾಗಿ ಹೇಳಬೇಕಾದದ್ದನ್ನೂ ಹೇಳಬೇಕು. ವಿಂಡೋಸ್ ಆಟಗಳನ್ನು ಮೆಟಲ್‌ಗೆ ತರಲು ನೆರವಾಗುವ ಸಲಕರಣೆಗಳನ್ನು ಆ್ಯಪಲ್ 2023ರಲ್ಲಿ ಕೊಟ್ಟ ಮೇಲೆ ಗಾಳಿ ಸ್ವಲ್ಪ ತಿರುಗಿದೆ. ಬಾಲ್ಡರ್ಸ್ ಗೇಟ್ 3 ಅದೇ ವರ್ಷ ಬಂತು, ಸೈಬರ್‌ಪಂಕ್ 2077 ಆಟ 2025ರ ಜುಲೈನಲ್ಲಿ ಬಂತು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಯಾವತ್ತೂ ಇತ್ತು. ಒಬ್ಬರೇ ಕೂತು ಕಥೆಯ ಆಟ ಆಡುವವರಿಗೆ ಮ್ಯಾಕ್‌ನಲ್ಲಿ ಈಗ ಊಟಕ್ಕೆ ಬರವಿಲ್ಲ. ಆದರೆ ಹದಿನಾರರ ಹುಡುಗನಿಗೆ ಬೇಕಾದದ್ದು ಗೆಳೆಯರು ಆಡುವ ಆಟ. ಅವರೆಲ್ಲ ವಿಂಡೋಸ್‌ನಲ್ಲಿದ್ದಾರೆ. ಆಟವೇ ಮುಖ್ಯ ಎಂದಾದರೆ ಮ್ಯಾಕ್ ಕೊಡಿಸುವುದು ಅವನಿಗೂ ಬೇಸರ, ದುಡ್ಡಿಗೂ ದಂಡ.

ಹಾಗೆಂದು ಗೇಮಿಂಗ್ ಲ್ಯಾಪ್‌ಟಾಪ್ ಎಂಬ ಫಲಕ ನೋಡಿ ಎಪ್ಪತ್ತು ಎಂಬತ್ತು ಸಾವಿರ ಸುರಿಯುವ ಮುಂಚೆ ನಮ್ಮ ಕರೆಂಟಿನ ವಿಚಾರ ಯೋಚಿಸಬೇಕು. ಬೆಂಗಳೂರಿನ ಸಲಹೆಗಾರರು ಇದನ್ನು ಹೇಳುವುದಿಲ್ಲ, ಅವರಿಗೆ ಅದರ ಅನುಭವವಿಲ್ಲ. ಮ್ಯಾಕ್‌ಬುಕ್ ಏರ್‌ನ ಚಾರ್ಜರ್ ಮೂವತ್ತು ಮೂವತ್ತೈದು ವ್ಯಾಟಿನದು. ಗೇಮಿಂಗ್ ಲ್ಯಾಪ್‌ಟಾಪ್‌ನದು ನೂರೈವತ್ತರಿಂದ ಇನ್ನೂರಕ್ಕೂ ಮೇಲೆ. ಬ್ಯಾಟರಿಯ ಮೇಲೆ ಆಡಿದರೆ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದಷ್ಟು ವಿದ್ಯುತ್ ಸಿಗದೆ ಆಟ ತೆವಳುತ್ತದೆ. ಡೆಸ್ಕ್‌ಟಾಪ್ ಆದರೆ ಅಂಗಡಿಯಲ್ಲಿ ಜೊತೆಗೆ ಕೊಡುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಆಟ ನಡೆಯುವಾಗ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಅದರ ಬಹುಪಾಲನ್ನು ಎಳೆದುಕೊಂಡರೆ ಸಿಗುವುದು ಸೇವ್ ಮಾಡಿ ಮುಚ್ಚುವಷ್ಟು ನಿಮಿಷ ಮಾತ್ರ.

ಮನೆಯ ಇನ್ವರ್ಟರಿಗೆ ಡೆಸ್ಕ್‌ಟಾಪ್ ಜೋಡಿಸಿದವರು ಒಂದು ಕೆಲಸ ಮಾಡಿ. ಇನ್ವರ್ಟರಿನ ಹಿಂಬದಿಗೋ ಮುಂಬದಿಗೋ ಒಂದು ಪುಟ್ಟ ಸ್ವಿಚ್ ಇರುತ್ತದೆ, ಒಂದು ಬದಿಗೆ ಯುಪಿಎಸ್, ಇನ್ನೊಂದು ಬದಿಗೆ ನಾರ್ಮಲ್ ಅಥವಾ ಇಕೊ ಎಂದು ಬರೆದಿರುತ್ತದೆ. ಫ್ಯಾನು ದೀಪಕ್ಕೆ ನಾರ್ಮಲ್ ಸಾಕು. ಆ ಸ್ಥಾನದಲ್ಲಿ ಕರೆಂಟು ಹೋಗಿ ಬ್ಯಾಟರಿಗೆ ಹೊರಳುವ ನಡುವಿನ ಸಣ್ಣ ವಿರಾಮಕ್ಕೆ ಕಂಪ್ಯೂಟರ್ ಆರಿ ಮತ್ತೆ ಶುರುವಾಗುತ್ತದೆ, ಟ್ಯಾಲಿಯ ಡೇಟಾ ಕೆಡುವುದೂ ಉಂಟು. ಯುಪಿಎಸ್ ಸ್ಥಾನಕ್ಕೆ ತಳ್ಳಿದರೆ ಆ ವಿರಾಮ ಕಿರಿದಾಗುತ್ತದೆ. ಅದಕ್ಕೊಂದು ಬೆಲೆಯೂ ಇದೆ. ನಾರ್ಮಲ್‌ನಲ್ಲಿ ಇನ್ವರ್ಟರ್ ಸುಮಾರು 100ರಿಂದ 290 ವೋಲ್ಟ್‌ವರೆಗೆ ತಡೆದುಕೊಂಡರೆ ಯುಪಿಎಸ್ ಸ್ಥಾನದಲ್ಲಿ ಒಪ್ಪುವುದು ಹೆಚ್ಚುಕಡಿಮೆ 180ರಿಂದ 260. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಲೈನು ಪಂಪ್‌ಸೆಟ್ ಲೈನಿನಿಂದ ಬೇರೆಯಾದ ಊರುಗಳಲ್ಲಿ ತೊಂದರೆ ಕಡಿಮೆ. ಸಂಜೆ ವೋಲ್ಟೇಜ್ ನೂರೆಂಬತ್ತರ ಕೆಳಗಿಳಿಯುವ ತೋಟದ ಮನೆಗಳಲ್ಲಿ ಕರೆಂಟು ಇದ್ದೂ ಇನ್ವರ್ಟರ್ ಬ್ಯಾಟರಿಯ ಮೇಲೆಯೇ ಓಡುತ್ತ ಕೂರುತ್ತದೆ. ಅಂಥ ಮನೆಗೆ ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪ್ ಮೇಲು. ಮ್ಯಾಕ್ ಆಗಲಿ ವಿಂಡೋಸ್ ಆಗಲಿ, ಇವತ್ತಿನ ಲ್ಯಾಪ್‌ಟಾಪ್ ಚಾರ್ಜರುಗಳು 100ರಿಂದ 240 ವೋಲ್ಟ್‌ವರೆಗೆ ತಕರಾರಿಲ್ಲದೆ ನಡೆಯುತ್ತವೆ.

ನಾರಿನ ಕಾರ್ಖಾನೆಗಳ ಆಸುಪಾಸಿನಲ್ಲಿ ಇರುವವರಿಗೆ ಇನ್ನೊಂದು ಕಾಟ, ದೂಳು. ನಾರಿನ ಪುಡಿ ಗಾಳಿಯಲ್ಲಿ ತೇಲಿಬಂದು ಫ್ಯಾನಿನ ಹಿಂದಿನ ತಗಡಿನ ಹಲ್ಲುಗಳ ನಡುವೆ ಮೆತ್ತಿಕೊಳ್ಳುತ್ತದೆ, ತೇವ ಹೀರಿ ಗಟ್ಟಿಯಾಗುತ್ತದೆ. ಬಿಸಿ ಹೊರಹೋಗದೆ ಪ್ರೊಸೆಸರ್ ವೇಗ ತಗ್ಗಿಸಿಕೊಳ್ಳುತ್ತದೆ. ‘ಹೊಸದರಲ್ಲಿ ಚೆನ್ನಾಗಿತ್ತು, ಈಗ ಸ್ಲೋ ಆಗಿದೆ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ವೈರಸ್ ಅಲ್ಲ, ದೂಳು. ಎಂ1 ಬಂದಾಗಿನಿಂದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ, ಅದರೊಳಗೆ ದೂಳು ಎಳೆದುಕೊಳ್ಳುವ ಬಾಯಿಯೇ ಇಲ್ಲ. ಈ ಸೀಮೆಗೆ ಅದು ಸಣ್ಣ ಗುಣವಲ್ಲ. ಜೋಡಿಸಿದ ವಿಂಡೋಸ್ ಡೆಸ್ಕ್‌ಟಾಪಿನ ಪಕ್ಕದ ತಗಡು ಬಿಚ್ಚಿ ಬ್ಲೋವರ್ ಹಿಡಿದರೆ ಹತ್ತು ನಿಮಿಷದ ಕೆಲಸ. ದೂಳಿಗೆ ಕಷ್ಟಪಡುವುದು ತೆಳುವಾದ ವಿಂಡೋಸ್ ಲ್ಯಾಪ್‌ಟಾಪುಗಳು.

ಹಾಗಾದರೆ ನಮ್ಮಲ್ಲಿ ಮ್ಯಾಕ್ ಯಾರಿಗೆ? ಮೂರು ಬಗೆಯವರನ್ನು ನಾನು ಖಂಡಿತ ಹೆಸರಿಸಬಲ್ಲೆ. ಕೊರೋನಾ ಕಾಲದಲ್ಲಿ ಊರಿಗೆ ಬಂದು, ಆಮೇಲೂ ವಾರಕ್ಕೆ ಒಂದೆರಡು ದಿನ ಮಾತ್ರ ಬೆಂಗಳೂರಿಗೆ ಹೋಗುತ್ತ ತೋಟದಿಂದಲೇ ಕೆಲಸ ಮಾಡುವ ಸಾಫ್ಟ್‌ವೇರಿನವರು ಮೊದಲಿಗರು. ಬೆಳಿಗ್ಗೆ ಚಾರ್ಜ್ ಮಾಡಿದರೆ ಸಂಜೆವರೆಗೆ ಕರೆಂಟಿನ ಹಂಗಿಲ್ಲ. ಐಫೋನ್ ಆ್ಯಪ್ ಬರೆಯುವವರಿಗಂತೂ ಬೇರೆ ದಾರಿಯೇ ಇಲ್ಲ, ಅದಕ್ಕೆ ಬೇಕಾದ ಎಕ್ಸ್‌ಕೋಡ್ ಇರುವುದು ಮ್ಯಾಕ್‌ನಲ್ಲಿ ಮಾತ್ರ. ಎರಡನೆಯವರು ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರು. ಇಲ್ಲಿ ಸ್ವಲ್ಪ ವಿವರ ಬೇಕು. ನಮ್ಮ ಕಡೆ ಬಹಳ ವರ್ಷಗಳಿಂದ ಕೈ ಕೂತಿರುವುದು ಎಡಿಯಸ್ ಎಂಬ ಎಡಿಟಿಂಗ್ ತಂತ್ರಾಂಶದ ಮೇಲೆ. ಅದು ವಿಂಡೋಸ್‌ಗೆ ಮಾತ್ರ. ಅದನ್ನು ಬಿಡಲಾಗದವರು ಮ್ಯಾಕ್ ಕಡೆ ನೋಡಬೇಕಾಗಿಲ್ಲ. ಡಾವಿಂಚಿ ರಿಸಾಲ್ವ್‌ಗೆ ಹೊರಳಿದವರಿಗೆ ಎರಡೂ ತೆರೆದಿವೆ. ಈಗಿನ ಕ್ಯಾಮೆರಾಗಳು ಕೊಡುವ 10 ಬಿಟ್, 4:2:2 ಬಗೆಯ ಎಚ್.265 ವಿಡಿಯೊವನ್ನು ಬಿಚ್ಚಿ ತೋರಿಸುವ ಯಂತ್ರಾಂಗ ಆ್ಯಪಲ್ ಚಿಪ್‌ನಲ್ಲೇ ಇದೆ. ಎನ್‌ವಿಡಿಯಾ ಕಾರ್ಡುಗಳಿಗೆ ಅದು ಬಂದದ್ದು 2025ರ 50ನೇ ಸರಣಿಯಲ್ಲಿ. ಹಳೆಯ ಕಾರ್ಡ್ ಹಾಕಿದ ಯಂತ್ರದಲ್ಲಿ ಧಾರೆಯ ಶಾಟ್ ತಡವರಿಸುತ್ತ ಓಡಿದರೆ ಅದಕ್ಕೆ ಇದು ಕಾರಣವಿರಬಹುದು. 2024ರ ಕೊನೆಗೆ 59,900 ರೂಪಾಯಿಗೆ ಬಂದ ಎಂ4 ಮ್ಯಾಕ್ ಮಿನಿಗೆ ಕೈಲಿರುವ ಮಾನಿಟರ್, ಕೀಬೋರ್ಡ್ ಜೋಡಿಸಿಕೊಂಡರೆ ಆ ಕೆಲಸಕ್ಕೆ ಅದರ ಬೆಲೆಯಲ್ಲಿ ಸರಿಸಾಟಿ ಕಡಿಮೆ. ಮೂರನೆಯವರು ಸಂಗೀತ ಧ್ವನಿಮುದ್ರಣದವರು. ಸದ್ದಿಲ್ಲದ ಯಂತ್ರ ಅವರಿಗೆ ಬೇಕೇ ಬೇಕು.

ಮ್ಯಾಕ್ ಕೊಳ್ಳುವವರು ಒಂದು ಮಾತು ನೆನಪಿಡಬೇಕು: ಕೊಂಡ ದಿನ ಎಷ್ಟು ಮೆಮೊರಿ, ಎಷ್ಟು ಸ್ಟೋರೇಜ್ ಇರುತ್ತದೋ ಕೊನೆವರೆಗೂ ಅಷ್ಟೇ. ಮೆಮೊರಿ ಎಂಬುದು ಚಿಪ್‌ನ ಭಾಗವಾಗಿಯೇ ಬಂದಿರುತ್ತದೆ, ಆಮೇಲೆ ಹೆಚ್ಚಿಸಲಾಗದು. ರಿಪೇರಿಗೆ ದೊಡ್ಡ ಊರು ಹಿಡಿಯಬೇಕು. ಬೆಂಗಳೂರಿನ ಹೆಬ್ಬಾಳದ ಕಡೆ 2025ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನದೇ ಮಳಿಗೆ ತೆರೆದಿದೆ, ತಿಪಟೂರಿನಿಂದ ಅದು ಸುಮಾರು 140 ಕಿಲೋಮೀಟರ್. ವಿಂಡೋಸ್ ಡೆಸ್ಕ್‌ಟಾಪಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗ ಬಸ್ಸಿನ ಪಾರ್ಸೆಲ್‌ನಲ್ಲಿ ಸಂಜೆಗೆ ಬರುತ್ತದೆ, ಊರಿನ ಹುಡುಗನೇ ಹಾಕಿಕೊಡುತ್ತಾನೆ. ಈ ಒಂದು ಅನುಕೂಲವೇ ಮೂವತ್ತು ವರ್ಷಗಳಿಂದ ನಮ್ಮ ಸಣ್ಣ ಊರುಗಳನ್ನು ವಿಂಡೋಸ್ ಊರುಗಳನ್ನಾಗಿ ಮಾಡಿದೆ. ಹಾಗೆ ನೋಡಿದರೆ ಮಂಡಿಗಳು ನೆಚ್ಚಿರುವ ಎಕ್ಸೆಲ್ 1985ರಲ್ಲಿ ಮೊದಲು ಬಂದದ್ದು ಮ್ಯಾಕ್‌ಗೆ, ವಿಂಡೋಸ್‌ಗೆ ಬಂದದ್ದು 1987ರಲ್ಲಿ. ಲಗ್ನಪತ್ರಿಕೆ ಅಚ್ಚಿನವರ ಪೇಜ್‌ಮೇಕರ್, ಫ್ಲೆಕ್ಸ್‌ನವರ ಫೋಟೊಶಾಪ್ ಹುಟ್ಟಿದ್ದೂ ಮ್ಯಾಕ್‌ನಲ್ಲೇ. ಹುಟ್ಟಿದ ಯಂತ್ರ ನಮ್ಮಲ್ಲಿಗೆ ಬರಲಿಲ್ಲ. ಕಡಿಮೆ ಬೆಲೆಗೆ ಜೋಡಿಸಿ, ಕೆಟ್ಟರೆ ಇಲ್ಲೇ ಬಿಚ್ಚಿ ಸರಿಮಾಡಬಹುದಾದ ಯಂತ್ರ ಬಂತು.

ಅಚ್ಚಿನವರ ಮಾತು ಬಂದದ್ದರಿಂದ, ನನಗೆ ಇಡೀ ವಿಷಯದಲ್ಲಿ ಹೆಚ್ಚು ನೋವು ಕೊಡುವ ಸಂಗತಿಗೆ ಬರುತ್ತೇನೆ. ನಮ್ಮವರು ವಿಂಡೋಸ್‌ಗೆ ಕಟ್ಟುಬಿದ್ದಿರುವುದಕ್ಕೆ ಕನ್ನಡವೂ ಒಂದು ಕಾರಣವಾಗಿದೆ, ಹಾಗೆ ಆಗಬೇಕಾದ್ದೇ ಇರಲಿಲ್ಲ. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವೆರಡೂ ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ದೊಡ್ಡದು, ಅದನ್ನು ಮರೆಯುವ ಹಾಗಿಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡದ ಚೂರುಗಳನ್ನು ಕೂರಿಸಿಕೊಂಡಿದ್ದವು. ಬೇರೆ ದಾರಿ ಇರಲಿಲ್ಲ. ಕನ್ನಡಕ್ಕೆಂದೇ ಸಂಖ್ಯೆಗಳನ್ನು ಮೀಸಲಿಟ್ಟ ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ಅಗತ್ಯ ಮುಗಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಯೂನಿಕೋಡ್ ಫಾಂಟ್ ಇತ್ತು. ಮ್ಯಾಕ್‌ನಲ್ಲಿ ಕನ್ನಡದ ಫಾಂಟುಗಳು, ಕೀಲಿಮಣೆ ಎರಡೂ ಕೊಂಡಾಗಲೇ ಇರುತ್ತವೆ. ನುಡಿಯ ಹೊಸ ಆವೃತ್ತಿಗಳೂ ಯೂನಿಕೋಡ್‌ನಲ್ಲಿ ಬರೆಯುತ್ತವೆ.

ಆದರೂ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಸಂಘಗಳ ಲೆಕ್ಕದ ಪುಸ್ತಕಗಳಲ್ಲಿ ಹಳೆಯ ಫಾಂಟಿನ ಫೈಲುಗಳು ರಾಶಿ ಬಿದ್ದಿವೆ, ದಿನವೂ ಹೊಸತು ಸೇರುತ್ತಿವೆ. ಫ್ಲೆಕ್ಸ್ ಅಂಗಡಿಯವರನ್ನು ಇದಕ್ಕೆ ಬೈಯುವುದು ಸರಿಯಲ್ಲ. ಅವರ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರದು, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಆದರೆ ಪಂಚಾಯಿತಿಯ ನಡಾವಳಿ, ಸೊಸೈಟಿಯ ವರದಿ, ಶಾಲೆಯ ಪ್ರಶ್ನೆಪತ್ರಿಕೆ ಆ ಫಾಂಟಿನಲ್ಲಿ ಇರಲು ಯಾವ ಕಾರಣವೂ ಉಳಿದಿಲ್ಲ. ಅಂಥ ಫೈಲನ್ನು ಮ್ಯಾಕ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫೋನಿನಲ್ಲೂ ಅದೇ. ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅರ್ಥವಾಗುವುದಿಲ್ಲ. ತೀರ್ಥಪುರದಲ್ಲಿ ಹುಟ್ಟಿದ ವಿದ್ವಾಂಸ ತೀ.ನಂ. ಶ್ರೀಕಂಠಯ್ಯನವರ ಸೀಮೆ ಇದು. ಇಲ್ಲಿ ಬರೆದ ಕನ್ನಡ ಯಾವ ಯಂತ್ರದಲ್ಲಾದರೂ ಕನ್ನಡವಾಗಿಯೇ ತೆರೆದುಕೊಳ್ಳಬೇಕು. ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ತಿರುಗಿಸುವ ಉಚಿತ ಪರಿವರ್ತಕಗಳಿವೆ, ಒಂದು ಕಚೇರಿಯ ಇಬ್ಬರು ಒಂದು ವಾರ ಕೂತರೆ ವರ್ಷಗಳ ಕಡತ ಹಸನಾಗುತ್ತದೆ.

ಮಗಳ ಲ್ಯಾಪ್‌ಟಾಪ್ ಪ್ರಶ್ನೆ ಉಳಿಯಿತು. ಅವಳು ಓದಲಿರುವುದು ಸಿವಿಲ್ ಅಥವಾ ಮೆಕ್ಯಾನಿಕಲ್ ಆದರೆ ವಿಂಡೋಸ್. ಸ್ಟಾಡ್ ಪ್ರೊ, ರೆವಿಟ್, ಸಾಲಿಡ್‌ವರ್ಕ್ಸ್ ಮೂರೂ ಮ್ಯಾಕ್‌ಗೆ ಇಲ್ಲ. ಕಂಪ್ಯೂಟರ್ ಸೈನ್ಸ್ ಆದರೆ ಎರಡೂ ನಡೆಯುತ್ತವೆ, ಎನ್‌ವಿಡಿಯಾ ಕಾರ್ಡಿನ ‘ಕೂಡಾ’ (CUDA) ಎಂಬ ತಂತ್ರಾಂಶ ಬೇಕಾಗುವ ಯಂತ್ರಕಲಿಕೆಯ ಪ್ರಯೋಗಗಳಿಗೆ ಮಾತ್ರ ಮ್ಯಾಕ್ ಆಗದು. ಬಿ.ಕಾಂ. ಆದರೆ ಟ್ಯಾಲಿ ಇದ್ದೇ ಇದೆ, ವಿಂಡೋಸ್. ನನ್ನನ್ನು ಕೇಳಿದರೆ ಮೊದಲ ವರ್ಷಕ್ಕೆ 16 ಜಿಬಿ ಮೆಮೊರಿ ಇರುವ ಐವತ್ತು ಸಾವಿರದ ಆಸುಪಾಸಿನ ವಿಂಡೋಸ್ ಲ್ಯಾಪ್‌ಟಾಪ್ ಕೊಡಿಸಿ. ಮ್ಯಾಕ್ ಬೇಕೆನ್ನಿಸಿದರೆ ಕೆಲಸ ಸಿಕ್ಕ ಮೇಲೆ ಎಷ್ಟೋ ಕಂಪನಿಗಳು ತಾವೇ ಕೊಡುತ್ತವೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎರಡು ಕಡೆ ಎಚ್ಚರ ಇಡಬೇಕು. ಇಪ್ಪತ್ತೈದು ಮೂವತ್ತು ಸಾವಿರಕ್ಕೆ ಮ್ಯಾಕ್‌ಬುಕ್ ಸಿಗುತ್ತದೆ ಎಂದರೆ ಅದು ಬಹುಶಃ ಇಂಟೆಲ್ ಚಿಪ್ಪಿನದು. 2025ರಲ್ಲಿ ಬಂದ ಟಾಹೋ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು ಎಂದು ಆ್ಯಪಲ್ ಹೇಳಿಯಾಗಿದೆ. ಎಂ1 ಆದರೆ ಮಾತ್ರ ಮುಟ್ಟಿ, ಹಳೆಯ ಒಡೆಯನ ಆ್ಯಪಲ್ ಖಾತೆ ತೆಗೆಸಿದ್ದನ್ನು ಕಣ್ಣಾರೆ ನೋಡಿ ದುಡ್ಡು ಕೊಡಿ. ವಿಂಡೋಸ್ ಕಡೆ, ಕಂಪನಿಗಳು ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಗಟ್ಟಿಮುಟ್ಟು, ನಾನೂ ಎಷ್ಟೋ ಜನಕ್ಕೆ ಅವನ್ನೇ ಸೂಚಿಸುತ್ತೇನೆ. ಆದರೆ ಪ್ರೊಸೆಸರ್ ಎಂಟನೇ ತಲೆಮಾರಿನದೋ ಅದರ ಮೇಲಿನದೋ ಎಂದು ಕೇಳಿ. ಅದಕ್ಕಿಂತ ಹಳೆಯ ಇಂಟೆಲ್ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ವಿಂಡೋಸ್ 10ರ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಹೆಸರು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಕೊಡುತ್ತೇವೆ ಎಂಬ ಮಾತಿಗೆ ಮಂಡಿಯವರಂತೂ ಒಪ್ಪಲೇಬಾರದು, ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರದಲ್ಲಿ ಅದು ಕಳ್ಳನಿಗೆ ಬೀಗದ ಕೈ ಕೊಟ್ಟಂತೆ. ಬ್ರೌಸರ್ ಮತ್ತು ಓದು ಬರಹಕ್ಕಷ್ಟೇ ಬೇಕಾದ ಹಳೆಯ ಯಂತ್ರಕ್ಕೆ ಉಬುಂಟು ಹಾಕಿಸಿದರೆ ಇನ್ನೂ ಕೆಲ ವರ್ಷ ಬಾಳುತ್ತದೆ. ಟ್ಯಾಲಿ ಮತ್ತು ಬೆರಳಚ್ಚು ಇರುವ ಮೇಜಿಗೆ ಅದು ಆಗದು. ಅಲ್ಲಿನ ಹಳೆಯ ವಿಂಡೋಸ್ 10 ಯಂತ್ರದ ಜಾಗಕ್ಕೆ ಹೊಸದನ್ನು ತರಲು ಈ ಸಲದ ಕೊಬ್ಬರಿ ದುಡ್ಡಿನಲ್ಲೇ ಒಂದು ಪಾಲು ತೆಗೆದಿಡಿ.